ಹತ್ತೊಂಬತ್ತನೆಯವನ ಓಟ

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ಹಾದಿಯಲ್ಲಿ, ಮೂಡಣವು ಕೆಂಪೇರುವುದಕ್ಕೆ ಮುಂಚೆಯೇ, ಒಬ್ಬ ನೇಕಾರರ ಮನೆಯ ತರುಣನು ಓಡತೊಡಗಿದ್ದನು. ಮ್ಯಾರಥಾನ್ ಎಂಬ ದೀರ್ಘ ಓಟಕ್ಕೆ ತನ್ನನ್ನು ಅಣಿಗೊಳಿಸಬೇಕೆಂಬುದು ಅವನ ಸಂಕಲ್ಪವಾಗಿತ್ತು. ಆ ಓಟದ ದೂರವು 42 ಕಿಲೋಮೀಟರುಗಳ ಮೇಲೆ 195 ಮೀಟರು. ಇಳಕಲ್ಲಿನಿಂದ ಹೊರಟು ಹುನಗುಂದವನ್ನು ಮುಟ್ಟಿ, ಹಿಂದಿರುಗಿ ಊರಿಗೆ ಬಂದು, ಕೂಡದೆ ನಿಲ್ಲದೆ ಮತ್ತೊಮ್ಮೆ ಹುನಗುಂದಕ್ಕೆ ಹೋದರೆ ಹೆಚ್ಚುಕಡಿಮೆ ಅಷ್ಟಾದೀತು. ಎರಡು ತಿಂಗಳು ಸಾಧನೆಯು ಸುಸೂತ್ರವಾಗಿ ನಡೆಯಿತು. ಮೂರನೆಯ ತಿಂಗಳಲ್ಲಿ ಮೊಣಕಾಲಿನ ಕೆಳಗಣ ಎಲುಬು ನೋಯತೊಡಗಿ, ಒಂದು ದಿನ ಅವನು ಅರ್ಧ ಹಾದಿಯಲ್ಲಿಯೇ ಬಸ್ಸು ಹತ್ತಿ ಮನೆಗೆ ಬಂದನು. ಬೂಟುಗಳನ್ನು ಅಟ್ಟಕ್ಕೇರಿಸಿ, “ಈ ಓಟವು ನಮ್ಮ ನೆಲದ್ದಲ್ಲ” ಎಂದುಬಿಟ್ಟನು.

ನಿರಾಶೆಯಲ್ಲಿ ಹುಟ್ಟಿದ ಈ ಮಾತು ನಿಜವಾದುದಲ್ಲ. ಇದೇ ಸೀಮೆಯ ಒಬ್ಬ ಓಟಗಾರನ ವೃತ್ತಾಂತವನ್ನು ಅರಿತಿದ್ದರೆ ಅವನು ಹಾಗೆ ನುಡಿಯುತ್ತಿರಲಿಲ್ಲ.

ಪುಣೆಯ ಡೆಕ್ಕನ್ ಜಿಮಖಾನೆಯ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ತಾತಾ ಅವರು 1919ರಲ್ಲಿ ಅಲ್ಲಿಯ ಕ್ರೀಡಾಸ್ಪರ್ಧೆಗಳನ್ನು ಕಂಡರು. ಓಡಲು ಬಂದವರು ಒಕ್ಕಲುತನದ ಮನೆಗಳ ಹುಡುಗರು; ಹೊಲದಲ್ಲಿ ದುಡಿದು ಬಡ ಊಟವನ್ನುಂಡು ಬೆಳೆದವರು. ಪಂದ್ಯದ ಕಟ್ಟುಕಟ್ಟಳೆಗಳು ಅವರಿಗೆ ತಿಳಿಯವು. ಆದರೆ ಗಟ್ಟಿ ರಸ್ತೆಯ ಮೇಲೆ ಬರಿಗಾಲಿನಿಂದ ಅವರು ಓಡಿದ ವೇಗವು ಯುರೋಪಿನವರ ವೇಗದೊಡನೆ ಹೋಲಿಸಿ ನೋಡುವಂತಹುದಾಗಿತ್ತೆಂದು ತಾತಾ ಅವರು ಮುಂದೆ ಒಂದು ಪತ್ರದಲ್ಲಿ ಬರೆದಿಟ್ಟರು. ಹಿಂದುಸ್ತಾನದ ತಂಡವೊಂದನ್ನು ಒಲಿಂಪಿಕ್ ಕ್ರೀಡೆಗಳಿಗೆ ಕಳಿಸಬೇಕೆಂಬ ವಿಚಾರವು ಅಲ್ಲಿಂದ ಬೆಳೆಯಿತು. 1920ರಲ್ಲಿ ಪುಣೆಯಲ್ಲಿ ಆಯ್ಕೆಯ ಸ್ಪರ್ಧೆಗಳು ನಡೆದು, ನಾಲ್ವರು ಓಟಗಾರರೂ ಇಬ್ಬರು ಕುಸ್ತಿಯವರೂ ಆರಿಸಲ್ಪಟ್ಟರು. ತಾತಾ ಅವರು ತಮ್ಮ ಹಣದಿಂದಲೂ ನೆರವಾದರು. ಆ ನಾಲ್ವರು ಓಟಗಾರರಲ್ಲಿ ಒಬ್ಬರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

ಬೆಳಗಾವಿಯು ಬಾಗಲಕೋಟೆಗೆ ಪರಸ್ಥಳವಲ್ಲ. ಗೋಕಾವಿಯಲ್ಲಿ ಧುಮುಕಿದ ಘಟಪ್ರಭೆಯೇ ಮುಂದೆ ಬಾಗಲಕೋಟೆಗೆ ಬರುವಳು. ಬಾಗಲಕೋಟೆ, ಬದಾಮಿ, ಹುನಗುಂದಗಳು ಆಗ ವಿಜಾಪುರ ಜಿಲ್ಲೆಗೆ ಸೇರಿದ್ದು, ಆ ಜಿಲ್ಲೆಯೂ ಬೆಳಗಾವಿಯೂ ಮುಂಬಯಿ ಇಲಾಖೆಯೊಳಗೇ ಇದ್ದವು. ಅದೇ ಬಿಸಿಲು, ಅದೇ ಜೋಳದ ರೊಟ್ಟಿ, ಅದೇ ಎರೆಯ ನೆಲ.

ಈ ನೆಲದವರಾದ ಫಡೆಪ್ಪನವರು ಸಮುದ್ರವನ್ನು ದಾಟಿ, ಇಂಗ್ಲೆಂಡಿನಲ್ಲಿ ಕೆಲವು ವಾರ ಅಭ್ಯಾಸ ಮಾಡಿ, ಬೆಲ್ಜಿಯಮ್ ದೇಶದ ಆಂಟ್ವರ್ಪ್ ನಗರವನ್ನು ಸೇರಿದರು. 1920ನೆಯ ಆಗಸ್ಟ್ 22ರಂದು ಓಟವು ನಡೆಯಿತು. ಮ್ಯಾರಥಾನಿನ ದೂರವು ಆಗ ಇನ್ನೂ ಸ್ಥಿರವಾಗಿರಲಿಲ್ಲ. ಆ ದಿನ ಓಡಬೇಕಾದುದು 42,750 ಮೀಟರು. ಒಲಿಂಪಿಕ್ ಮ್ಯಾರಥಾನುಗಳಲ್ಲೆಲ್ಲ ಅದೇ ಅತಿ ದೀರ್ಘವಾದುದು. ಫಡೆಪ್ಪನವರು ಆ ದೂರವನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಜೊತೆಗೆ ಹೊರಟ ಸದಾಶಿವ ದಾತಾರರಿಗೆ ಓಟವನ್ನು ಪೂರೈಸಲಾಗಲಿಲ್ಲ.

ಹತ್ತೊಂಬತ್ತನೆಯವನಿಗೆ ಪದಕವಿಲ್ಲ, ಶಾಲೆಯ ಪುಸ್ತಕಗಳಲ್ಲಿ ಅವನ ಪಾಠವೂ ಇಲ್ಲ. ಆದರೂ ಗೆದ್ದವನಿಗೂ ಅವರಿಗೂ ಇದ್ದ ಅಂತರವು ಸುಮಾರು 18 ನಿಮಿಷ ಮಾತ್ರ. ಗೆದ್ದವನಾದರೂ ಯಾರು? ಫಿನ್‌ಲ್ಯಾಂಡಿನ ಹಾನ್ನೆಸ್ ಕೋಲೆಹ್ಮಾಯ್ನೆನ್. ಅವನು 1912ರಲ್ಲಿಯೇ ಸ್ಟಾಕ್‌ಹೋಮಿನಲ್ಲಿ ಮೂರು ಸುವರ್ಣಪದಕಗಳನ್ನು ಗಳಿಸಿದ್ದನು. 1916ರ ಕ್ರೀಡೆಗಳು ಮಹಾಯುದ್ಧದ ಮೂಲಕ ನಡೆಯಲೇ ಇಲ್ಲ. ಓಟಗಾರನ ಆಯುಷ್ಯದಲ್ಲಿ ಸಮರ್ಥವಾದ ಎಂಟು ವರುಷಗಳು ಕಳೆದ ಮೇಲೆ ಅವನು ಮರಳಿ ಬಂದು ಗೆದ್ದನು. ಎರಡನೆಯವನಾದ ಎಸ್ಟೋನಿಯದ ಯೂರಿ ಲೊಸ್‌ಮನ್ ಅವನಿಗಿಂತ 13 ಸೆಕೆಂಡು ಸಹ ಹಿಂದಿರಲಿಲ್ಲ. ಗೆದ್ದವನ ಮಾರ್ಗದಲ್ಲಿಯೂ ವಿಘ್ನವಿತ್ತು. ಹತ್ತೊಂಬತ್ತನೆಯವರ ಮಾರ್ಗದಲ್ಲಿಯೂ ಇತ್ತು. ಕೊನೆಯ ಗೆರೆಯನ್ನು ಮುಟ್ಟಿದವರಾಗಿ ಇಬ್ಬರೂ ಒಂದೇ.

ಇಳಕಲ್ಲಿನ ತರುಣನ ಕಾಲಿಗೆ ಬಂದ ನೋವಿಗೂ ಕಾರಣವಿತ್ತು. ಓಟದ ಅಭ್ಯಾಸದಲ್ಲಿ ಉಸಿರು ಬೇಗನೆ ಪಳಗುವುದು. ಎಲುಬೂ ಸ್ನಾಯುಬಂಧವೂ ನಿಧಾನವಾಗಿ ಪಳಗುವವು. ಉಸಿರಿನ ಉತ್ಸಾಹವನ್ನು ನಂಬಿ ವಾರವಾರಕ್ಕೂ ದೂರವನ್ನು ಅವಸರದಿಂದ ಏರಿಸಿದವನಿಗೆ ಎಲುಬು ಎಚ್ಚರಿಕೆ ಕೊಡುವುದು. ಸುಮಾರು 30 ಕಿಲೋಮೀಟರುಗಳ ಬಳಿಕ ಸ್ನಾಯುಗಳಲ್ಲಿ ಕೂಡಿಟ್ಟ ಶರ್ಕರವು ಬರಿದಾಗುತ್ತ ಬಂದು, ಕಾಲುಗಳು ಕಲ್ಲಿನಂತೆ ಭಾರವಾಗುವುದೂ ಉಂಟು. ಆರಂಭದಲ್ಲಿಯೇ ಬಿರುಸಾಗಿ ಹೊರಟವನಿಗೆ ಈ ಕಷ್ಟವು ಬೇಗನೆ ಒದಗುವುದು. ಆದುದರಿಂದ ದೂರವನ್ನು ತುಸುತುಸುವಾಗಿಯೇ ಹೆಚ್ಚಿಸಬೇಕು; ವಿಶ್ರಾಂತಿಯನ್ನೂ ಸಾಧನೆಯ ಭಾಗವೆಂದೇ ಎಣಿಸಬೇಕು. ಐಹೊಳೆಯಲ್ಲಿ ನಡೆದ ಕಲ್ಕೆಲಸದ ಪ್ರಯೋಗಗಳಿಲ್ಲದೆ ಪಟ್ಟದಕಲ್ಲಿನ ವಿರೂಪಾಕ್ಷನ ಗುಡಿಯು ಏಳಲಿಲ್ಲವೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಇದನ್ನು ಅವನಿಗೆ ತಿಳಿಸಿದವರು ಪಂಡಿತರಲ್ಲ. ಅಟ್ಟದ ಮೇಲಿನ ಬೂಟುಗಳನ್ನು ಕಂಡ ಅವನ ತಂದೆಯು ಮಗ್ಗದ ಕುಣಿಯಿಂದಲೇ ಕೇಳಿದನು: “ಎಳಿ ಹರದ್ರ ಸೀರಿ ಒಗೀತಾರೇನೋ, ತಮ್ಮಾ? ಗಂಟ ಹಾಕಿ ಮುಂದ ನೇಯ್ತಾರ.”

ಮಗನು ಉತ್ತರ ಕೊಡಲಿಲ್ಲ. ಮೂರು ವಾರಗಳ ವರೆಗೆ ಓಡಲೂ ಇಲ್ಲ. ವೈದ್ಯರ ಹೇಳಿಕೆಯಂತೆ ಮೊದಲು ನಡೆದನು. ಬಳಿಕ ಒಂದು ಕಿಲೋಮೀಟರು ಓಡಿ ಒಂದು ಕಿಲೋಮೀಟರು ನಡೆದನು. ಜೊತೆಯವರು ಮುಂದೆ ಹೋದರು. ಹಾದಿಯ ಮಂದಿ ನಕ್ಕದ್ದೂ ಉಂಟು. ನೋವು ತಿರುಗಿ ಕಾಣಿಸಿದ ದಿನ ನಾಚಿಕೆಪಡದೆ ನಿಂತನು. ಕಾಣಿಸದ ದಿನ ಹೆಚ್ಚು ಓಡುವ ಆಸೆಯನ್ನು ತಡೆದನು. ಎರಡನೆಯದೇ ಹೆಚ್ಚು ಕಠಿನವಾಗಿತ್ತು.

ಅವನು ಪೂರ್ಣ ಮ್ಯಾರಥಾನನ್ನು ಇನ್ನೂ ಓಡಿಲ್ಲ. ಆದರೆ ಈಚೆಗೆ ಒಂದು ಮುಂಜಾವಿನಲ್ಲಿ ಹುನಗುಂದವನ್ನು ಮುಟ್ಟಿ, ಬಸ್ಸು ನಿಂತಿದ್ದರೂ ಅದನ್ನು ಹತ್ತದೆ, ಇಳಕಲ್ಲಿನ ಕಡೆಗೆ ತಿರುಗಿ ಓಡಿದನು. ಊರು ಸೇರುವ ಹೊತ್ತಿಗೆ ಬಿಸಿಲೇರಿತ್ತು. ಕೇರಿಯಲ್ಲಿ ಮಗ್ಗಗಳು ಸದ್ದು ಮಾಡುತ್ತಿದ್ದವು.