ಎಡಗೆನ್ನೆಯ ಮೇಲಿನ ಬೆಳಕು

ಹಾಡಿನ ಎರಡನೆಯ ಚರಣ ಮುಗಿಯುವಾಗ ನಾಯಕಿ ಕಾರಂಜಿಯ ಕಡೆಯಿಂದ ತಿರುಗಿ ನೋಡುತ್ತಾಳೆ. ಆಗ ಅವಳ ಎಡಗೆನ್ನೆಯ ಮೇಲೆ ಬೆಳಕು ಒಂದು ಸಲ ನಡುಗುತ್ತದೆ. ರೆಪ್ಪೆ ಬಡಿದರೆ ತಪ್ಪಿಹೋಗುವಷ್ಟೇ ಹೊತ್ತು. ಆ ಬೆಳಕನ್ನು ಹಿಡಿದಿದ್ದವರು ನಮ್ಮ ಚಿಕ್ಕಪ್ಪ.

ಈ ಕಥೆಯನ್ನು ಮೈಸೂರಿನ ಚಾಮುಂಡಿಪುರಂನ ನಮ್ಮ ಹಳೇ ಮನೆಯಲ್ಲಿ ಬಚ್ಚಲೊಲೆಯ ಮುಂದೆ ಕೂತು ಎಷ್ಟು ಸಲ ಕೇಳಿದ್ದೇವೋ. ಧನುರ್ಮಾಸದ ಚಳಿ. ಹಂಡೆಯ ನೀರು ಕಾಯುವ ತನಕ ಮಕ್ಕಳೆಲ್ಲ ಒಲೆಯ ಬಾಯಿಗೆ ಕೈಯೊಡ್ಡಿ ಕುಕ್ಕುರುಗಾಲಲ್ಲಿ ಕೂತಿರುತ್ತಿದ್ದೆವು. ಚಿಕ್ಕಪ್ಪ ತೆಂಗಿನ ಗರಿ ಮುರಿದು ಒಳಗೆ ತಳ್ಳುತ್ತಾ ಶೂಟಿಂಗಿನ ಕಥೆ ತೆಗೆಯುತ್ತಿದ್ದರು. ಆ ಒಲೆ ಕಿತ್ತು ಸೋಲಾರ್ ಹಾಕಿಸಿ ಇಪ್ಪತ್ತು ವರ್ಷವಾಯಿತು. ಈಗ ಹೇಳುವ ಸರದಿ ನನ್ನದು.

ಚಿಕ್ಕಪ್ಪ ಲೈಟ್ ಬಾಯ್. ಯೂನಿಟ್ಟಿನಲ್ಲಿ ನಲವತ್ತು ದಾಟಿದವರನ್ನೂ ಹಾಗೇ ಕರೆಯುತ್ತಿದ್ದರು. ದಿನಗೂಲಿಯ ಕೆಲಸ, ಆದರೆ ಆಗಿನ ಮೈಸೂರಿನಲ್ಲಿ ಅದಕ್ಕೆ ಬರವಿರಲಿಲ್ಲ. ಊರೊಳಗೆ ಪ್ರೀಮಿಯರ್ ಸ್ಟುಡಿಯೋ ಇತ್ತು. ಹೊರಾಂಗಣಕ್ಕೆ ಲಲಿತಮಹಲ್, ಚಾಮುಂಡಿಬೆಟ್ಟ, ಶ್ರೀರಂಗಪಟ್ಟಣ ಇದ್ದವು. ಹಾಡಿಗಂತೂ ಕನ್ನಂಬಾಡಿಯ ಬೃಂದಾವನ. ಕನ್ನಡದವರ ಜೊತೆಗೆ ತಮಿಳು, ತೆಲುಗು, ಹಿಂದಿಯವರೂ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೇ ಬರುತ್ತಿದ್ದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಅಣೆಕಟ್ಟೆಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಎಬ್ಬಿಸಿದ ತೋಟ ಅದು. ನೀರು ಮೇಲಿನ ಹಂತದಿಂದ ಕೆಳಗಿನ ಹಂತಕ್ಕೆ ತಾನಾಗಿ ಇಳಿದು ಬರುತ್ತದೆ. ಅಲ್ಲಿ ಕ್ಯಾಮೆರಾ ಎಲ್ಲಿಟ್ಟರೂ ಚೌಕಟ್ಟು ಕೂಡಿ ಬರುತ್ತದೆ ಎಂದು ಚಿಕ್ಕಪ್ಪ ಹೇಳುತ್ತಿದ್ದರು.

1987ರ ಬೇಸಿಗೆಯಲ್ಲಿ ಅಲ್ಲೇ ಆ ಹಾಡು ತೆಗೆದರು. ಚಿತ್ರದ ಹೆಸರು ಇಲ್ಲಿ ಬೇಡ. ಹೆಸರು ಮಾಡದೆ ಹೋದ ಚಿತ್ರ, ಅದರಲ್ಲಿ ದುಡಿದವರಿಗೆ ನೋವಾಗುವುದು ನನಗೆ ಇಷ್ಟವಿಲ್ಲ. ಅದೇ ವರ್ಷ ರವಿಚಂದ್ರನ್ ಅವರ ‘ಪ್ರೇಮಲೋಕ’ ಬಂದು, ಹಂಸಲೇಖರ ಹಾಡುಗಳು ಮೈಸೂರಿನ ಪ್ರತಿ ಬೀದಿಯ ಹೋಟೆಲಿನಲ್ಲೂ ಟೇಪಿನಲ್ಲಿ ತಿರುಗುತ್ತಿದ್ದವು. ಆ ಗದ್ದಲದಲ್ಲಿ ಈ ಹಾಡು ಯಾರ ಕಿವಿಗೂ ಬೀಳಲಿಲ್ಲ.

ಅಂದು ಚಿಕ್ಕಪ್ಪನ ಕೈಯಲ್ಲಿದ್ದದ್ದು ರಿಫ್ಲೆಕ್ಟರ್, ಅಂದರೆ ಬೆಳ್ಳಿಹಾಳೆ ಅಂಟಿಸಿದ ದೊಡ್ಡ ಹಲಗೆ. ನೆತ್ತಿಯ ಮೇಲಿನ ಬಿಸಿಲಿಗೆ ಮುಖದಲ್ಲಿ ಕಣ್ಣಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಹಲಗೆಯಿಂದ ಬಿಸಿಲನ್ನು ಹಿಡಿದು ಕೆಳಗಿನಿಂದ ಮುಖಕ್ಕೆ ಹಾಯಿಸಿದರೆ ಆ ನೆರಳು ಕರಗುತ್ತದೆ. ಕೇಳಲು ಸುಲಭ. ಸೂರ್ಯ ನಿಂತಲ್ಲಿ ನಿಲ್ಲುವುದಿಲ್ಲ, ನಾಯಕಿಯೂ ನಿಲ್ಲುವುದಿಲ್ಲ. ಅವಳು ಹೆಜ್ಜೆ ಹಾಕಿದ ಹಾಗೆ ಹಲಗೆಯನ್ನೂ ಕೂದಲೆಳೆಯಷ್ಟು ತಿರುಗಿಸುತ್ತಿರಬೇಕು. ಕಣ್ಣಿಗೆ ಹೊಡೆದರೆ ಅವಳು ಕಣ್ಣು ಕಿವುಚುತ್ತಾಳೆ, ಶಾಟ್ ಹಾಳು. ಕೆನ್ನೆಯ ಮೇಲೆ ನಿಲ್ಲಿಸಬೇಕು. ‘ಮಗು ಕೆನ್ನೆ ಮೇಲೆ ಅಂಗೈ ಇಟ್ಟಂಗೆ ಇಡ್ಬೇಕು ಕಣ್ರೋ’ ಎನ್ನುತ್ತಿದ್ದರು ಚಿಕ್ಕಪ್ಪ.

ಹಾಡನ್ನು ಸ್ಪೀಕರಿನಲ್ಲಿ ಹಾಕುತ್ತಾರೆ, ಕಲಾವಿದರು ತುಟಿ ಆಡಿಸುತ್ತಾರೆ. ಒಂದು ದಿನಕ್ಕೆ ಎರಡು ಸಾಲು, ಹೆಚ್ಚೆಂದರೆ ನಾಲ್ಕು. ಅವನ್ನೇ ಬೆಳಗಿನಿಂದ ಸಂಜೆಯವರೆಗೆ ತಿರುಗಿಸಿ ತಿರುಗಿಸಿ ಹಾಕಬೇಕು. ಹಾಗಾಗಿ ಚಿಕ್ಕಪ್ಪನಿಗೆ ಆ ಹಾಡಿನ ಎರಡು ಸಾಲು ಮಾತ್ರ ಬಾಯಿಪಾಠವಾಗಿತ್ತು. ಹಿಂದಿನ ಸಾಲು, ಮುಂದಿನ ಸಾಲು ಏನೆಂಬುದೇ ತಿಳಿದಿರಲಿಲ್ಲ. ಆ ಎರಡನ್ನೇ ಒಲೆಗೆ ಸೌದೆ ತುಂಬುವಾಗಲೂ ಗುನುಗುತ್ತಿದ್ದರು.

ತಿರುಗಿ ನೋಡುವ ಶಾಟಿನಲ್ಲಿ ಒಂದು ಗೊದ್ದ ಅವರ ಮಣಿಕಟ್ಟು ಕಚ್ಚಿತು. ಎರಡೂ ಕೈಯಲ್ಲಿ ಹಲಗೆ. ಬಿಡುವಂತಿಲ್ಲ. ಹಲ್ಲು ಕಚ್ಚಿ ಹಿಡಿದುಕೊಂಡರೂ ಕೈ ಒಮ್ಮೆ ಅದುರಿತು. ಶಾಟ್ ಓಕೆ ಆಯಿತು, ಮೋಡ ಕವಿಯಿತು, ಯೂನಿಟ್ ಗಂಟು ಕಟ್ಟಿತು. ಅದುರಿದ್ದನ್ನು ಯಾರೂ ಕಂಡಿರಲಿಲ್ಲ, ಕಂಡವರು ಚಿಕ್ಕಪ್ಪ ಒಬ್ಬರೇ. ಅದು ಫಿಲ್ಮಿಗೆ ಬಂದಿದೆಯೇ ಇಲ್ಲವೇ ಎಂಬುದೊಂದು ಮುಳ್ಳು ಅವರ ಮನಸ್ಸಿನಲ್ಲಿ ಉಳಿಯಿತು. ಚಿತ್ರ ಮೈಸೂರಿಗೆ ಬಂದಾಗ ಅವರು ಹೊರಾಂಗಣಕ್ಕೆಂದು ಬೇರೆ ಊರಿನಲ್ಲಿದ್ದರು. ಹಿಂತಿರುಗುವಷ್ಟರಲ್ಲಿ ಟಾಕೀಸಿನ ಮೇಲೆ ಬೇರೆ ಪೋಸ್ಟರ್.

ಉಳಿದ ದಾರಿ ಒಂದೇ, ‘ಚಿತ್ರಮಂಜರಿ’.

ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಅಮೆರಿಕದಲ್ಲಿ ಹಾಡು ತೋರಿಸಲೆಂದೇ ಎಂ.ಟಿ.ವಿ. ಶುರುವಾಗಿದ್ದು ಅದೇ ವರ್ಷದ ಆಗಸ್ಟ್ 1ರಂದು. ಅಲ್ಲಿ ಹಗಲು ರಾತ್ರಿ ಹಾಡು. ನಮಗೆ ವಾರಕ್ಕೊಂದು ಸಂಜೆ, ಬೆರಳೆಣಿಕೆಯ ಹಾಡುಗಳು. ಹಿಂದಿಗೆ ‘ಚಿತ್ರಹಾರ್’, ಕನ್ನಡಕ್ಕೆ ‘ಚಿತ್ರಮಂಜರಿ’. ಈಗಿನವರಿಗೆ ಇದು ಬಡತನ ಎನಿಸಬಹುದು. ನಮ್ಮ ವಠಾರದಲ್ಲಿ ಆರು ಮನೆಗೆ ಒಂದೇ ಟಿ.ವಿ., ಮರದ ಬಾಗಿಲಿನ ಕಪ್ಪು ಬಿಳುಪು ಸಾಲಿಡೇರ್. ಅದರ ಮುಂದೆ ಆ ಅರ್ಧ ಗಂಟೆ ಇಪ್ಪತ್ತೈದು ಜನ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಮುಂದಿನ ಹಾಡು ಯಾವುದೆಂದು ಯಾರಿಗೂ ತಿಳಿಯದು. ಬಂದದ್ದನ್ನು ನೋಡಬೇಕು. ಚಿತ್ರದುರ್ಗದ ಕೋಟೆಯಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ಚಿತ್ರಕ್ಕೆ ನಿಧಾನಗತಿಯಲ್ಲಿ ತೆಗೆದ ಹಾಡು ಬಂದರೆ ಅಡುಗೆಮನೆಯಿಂದ ಹೆಂಗಸರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಪುಟ್ಟಣ್ಣ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು, ಆ ಅಭಿಮಾನವೂ ಸೇರಿಕೊಳ್ಳುತ್ತಿತ್ತು.

ಚಿಕ್ಕಪ್ಪ 15 ಪೈಸೆಯ ಕಾರ್ಡು ತಂದು ದೂರದರ್ಶನಕ್ಕೆ ಬರೆಯುತ್ತಿದ್ದರು. ಆ ಹಾಡು ಹಾಕಿ ಎಂದು. ಅಕ್ಷರ ನನ್ನದು, ಸಹಿ ಅವರದು. ಕಾರಣವನ್ನು ಮಾತ್ರ ಒಂದು ಸಲವೂ ಬರೆಸಲಿಲ್ಲ.

1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋಗೆ ಬೆಂಕಿ ಬಿತ್ತು. ಟಿಪ್ಪು ಸುಲ್ತಾನನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿತ್ತು. 62 ಜನ ಸತ್ತರು. ಚಿಕ್ಕಪ್ಪ ಅಂದು ಅಲ್ಲಿರಲಿಲ್ಲ. ಅವರ ಜೊತೆ ಬೀಡಿ ಹಂಚಿಕೊಂಡು ಸೇದುತ್ತಿದ್ದವರು ಇದ್ದರು. ಆಮೇಲೆ ಚಿಕ್ಕಪ್ಪ ಹಲಗೆ ಮುಟ್ಟಲಿಲ್ಲ, ಊದುಬತ್ತಿ ಕಾರ್ಖಾನೆಗೆ ಸೇರಿಕೊಂಡರು. ಗುನುಗುವುದೂ ನಿಂತುಹೋಯಿತು. ಕಾರ್ಡು ಬರೆಯಲು ನನ್ನನ್ನು ಕರೆಯುವುದೂ ನಿಂತಿತು. ಬಚ್ಚಲೊಲೆಯ ಮುಂದೆ ಆ ವರ್ಷ ಕಥೆ ಇರಲಿಲ್ಲ, ಬೆಂಕಿಯನ್ನು ನೋಡುತ್ತಾ ಸುಮ್ಮನೆ ಕೂತಿರುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ದೂರದರ್ಶನದ ಹಿಂದಿ ಹಾಡುಗಳ ಕಾರ್ಯಕ್ರಮ ‘ರಂಗೋಲಿ’ಯಲ್ಲಿ ಗುರುದತ್ತರ ‘ಕಾಗಜ್ ಕೆ ಫೂಲ್’ ಚಿತ್ರದ ಹಾಡು ಬಂತು. ಖಾಲಿ ಸ್ಟುಡಿಯೋ, ಮೇಲಿನಿಂದ ಓರೆಯಾಗಿ ಇಳಿಯುವ ಬೆಳಕಿನ ಕಂಬ, ಅದರ ಎರಡು ಕಡೆ ಇಬ್ಬರು. ಚಿಕ್ಕಪ್ಪ ಎದ್ದು ನಿಂತುಬಿಟ್ಟರು. ‘ಇದು ಲೈಟಲ್ಲ, ಬಿಸಿಲು. ಕನ್ನಡಿ ಇಟ್ಟು ಬಿಸಿಲನ್ನ ಒಳಗೆ ತಂದಿದಾರೆ. ತಂದವರು ನಮ್ಮ ಮೈಸೂರಿನವರು.’ ಆ ವರ್ಷಗಳಲ್ಲಿ ಅವರು ಸಿನಿಮಾ ಬಗ್ಗೆ ಆಡಿದ ಮಾತು ಅಷ್ಟೇ. ಅವರು ಹೇಳಿದ್ದು ಆ ಚಿತ್ರದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರನ್ನು, 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. 1959ರ ಆ ಚಿತ್ರ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಎಷ್ಟೋ ವರ್ಷದ ಮೇಲೆ ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಆದರೆ ಆ ಭಾನುವಾರ ನನಗೆ ತಿಳಿದದ್ದು ಇಷ್ಟೇ, ಕನ್ನಡಿ ಹಿಡಿಯುವ ಕೆಲಸ ದೊಡ್ಡದು.

1990ರ ಆಷಾಢ. ಗಾಳಿಗೆ ಆಂಟೆನಾ ತಿರುಗಿ ಚಿತ್ರ ಚೂರುಚೂರಾಗುತ್ತಿತ್ತು. ನಾನು ತಾರಸಿಯ ಮೇಲೆ, ನನ್ನ ತಂಗಿ ಕಿಟಕಿಯಲ್ಲಿ, ಕೂಗಿನಿಂದ ಕೂಗಿಗೆ ಕಂಬ ತಿರುಗಿಸುತ್ತಿದ್ದೆವು. ಇದ್ದಕ್ಕಿದ್ದ ಹಾಗೆ ಕೆಳಗಿನಿಂದ ಆ ಎರಡು ಸಾಲು ಕೇಳಿಸಿತು. ಚಿಕ್ಕಪ್ಪ ಗುನುಗುತ್ತಿದ್ದ ಸಾಲು, ಹೆಣ್ಣಿನ ದನಿಯಲ್ಲಿ, ತಬಲ ಪಿಟೀಲುಗಳ ನಡುವೆ. ಕಂಬ ಬಿಟ್ಟು ಓಡಿದೆ. ಮೆಟ್ಟಿಲಿಳಿಯುವಾಗ ಮೊಣಕಾಲು ಒಡೆದುಕೊಂಡೆ, ಆ ಕಲೆ ಈಗಲೂ ಇದೆ.

ಚಿಕ್ಕಪ್ಪ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದರು. ಬೆರಳ ತುಂಬ ಊದುಬತ್ತಿಯ ಕಪ್ಪು. ಚಪ್ಪಲಿ ಬಿಟ್ಟಿರಲಿಲ್ಲ. ಹೊಸ್ತಿಲ ಹೊರಗೆ ನಿಂತು, ಕೂತಿದ್ದವರ ತಲೆಗಳ ಮೇಲಿಂದ ನೋಡುತ್ತಿದ್ದರು. ಮೊದಲ ಚರಣ ಹೋಯಿತು. ಚಿತ್ರ ಒಮ್ಮೆ ಹರಿಯಿತು, ಸರಿಯಾಯಿತು. ಎರಡನೆಯ ಚರಣ. ಕಾರಂಜಿ. ಅವಳು ತಿರುಗಿದಳು. ‘ಅಗೋ’ ಎಂದರು ಚಿಕ್ಕಪ್ಪ. ತೀರಾ ಮೆಲ್ಲಗೆ.

ನಾನು ಕಂಡೆ. ಎಡಗೆನ್ನೆಯ ಮೇಲಿನ ಬಿಳಿ ಬೆಳಕು ಒಂದು ಸಲ ನಡುಗಿ, ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು. ತಪ್ಪು ಎಂದು ಯಾರೂ ಹೇಳಲಾರರು. ಆ ಹುಡುಗಿ ಅಳು ನುಂಗಿಕೊಂಡಳೇನೋ ಎನಿಸಿತು. ಟಿ.ವಿ. ಇದ್ದ ಮನೆಯ ಯಜಮಾನಿ, ಹಾಡನ್ನು ನೋಡುತ್ತಾ ಹೂ ಕಟ್ಟುತ್ತಿದ್ದವರು, ‘ಪಾಪ, ಎಷ್ಟು ಚೆನ್ನಾಗಿ ಮಾಡಿದಾಳೆ’ ಅಂದರು. ಮೂರು ವರ್ಷದ ಮುಳ್ಳು ಅಲ್ಲಿಗೆ ಕಳಚಿತು. ಚಿಕ್ಕಪ್ಪ ಹಾಡು ಮುಗಿಯುವ ತನಕ ನಿಂತು, ತಮಗೆ ತಿಳಿಯದಿದ್ದ ಉಳಿದ ಸಾಲುಗಳನ್ನೆಲ್ಲ ಕೇಳಿ, ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದುಕೊಂಡರು. ಅಂದು ರಾತ್ರಿ ಆ ವಠಾರದ ಇಪ್ಪತ್ತೈದು ಜನಕ್ಕೂ ವಿಷಯ ಗೊತ್ತಾಯಿತು. ಮುಂದಿನ ಧನುರ್ಮಾಸಕ್ಕೆ ಬಚ್ಚಲೊಲೆಯ ಮುಂದೆ ಕಥೆ ಮರಳಿ ಬಂತು.

ಆಮೇಲೆ ಹಾಡುಗಳು ಹೆಚ್ಚಾದವು. 1994ರಲ್ಲಿ ಉದಯ ಟಿ.ವಿ. ಬಂತು. ಕೇಬಲ್ಲಿನ ಹುಡುಗ ಮರದಿಂದ ಮರಕ್ಕೆ ಕಪ್ಪು ತಂತಿ ಎಳೆದ. ಫೋನು ಮಾಡಿದರೆ ಬೇಕಾದ ಹಾಡು ಹಾಕುವ ಕಾರ್ಯಕ್ರಮಗಳು ಬಂದವು. ಹಾಡಿಗೆಂದೇ ಮೀಸಲಾದ ಕನ್ನಡ ಚಾನೆಲ್ಲುಗಳೂ ಬಂದವು. 2006ರ ಕೊನೆಗೆ ‘ಮುಂಗಾರು ಮಳೆ’ ಬಂದಾಗ ಜೋಗದ ಮಳೆ ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಸುರಿಯಿತು. ಅದನ್ನು ನೋಡುತ್ತಾ ಯಾರೂ ಬಾಗಿಲಲ್ಲಿ ನಿಲ್ಲಲಿಲ್ಲ. ತರಕಾರಿ ಹೆಚ್ಚುತ್ತಾ, ಇಸ್ತ್ರಿ ಮಾಡುತ್ತಾ ಕೇಳುವ ಸದ್ದಾಯಿತು ಹಾಡು. ನೋಡುವುದು ಅಲ್ಲಿಗೇ ಕಡಿಮೆಯಾಗಿತ್ತು ಎಂದು ನನ್ನ ನಂಬಿಕೆ. ಅದಕ್ಕೆ ಮೊಬೈಲನ್ನು ದೂರುವವರು ಇದನ್ನು ಮರೆಯುತ್ತಾರೆ.

ಸಂಜೆಯ ಹೊತ್ತನ್ನು ಧಾರಾವಾಹಿಗಳು ತೆಗೆದುಕೊಂಡವು. ವಾರಾಂತ್ಯವನ್ನು ಗಾಯನ ಸ್ಪರ್ಧೆಗಳು ತೆಗೆದುಕೊಂಡವು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ‘ಎದೆ ತುಂಬಿ ಹಾಡುವೆನು’ ನನಗೂ ಪ್ರಿಯವೇ, ಅದರಿಂದ ಎಷ್ಟೋ ಮಕ್ಕಳು ಬೆಳೆದರು. ಆದರೆ ಅಲ್ಲಿ ಹಾಡಿನ ಮುಖ ಬದಲಾಯಿತು. ತೋಟ, ಕಾರಂಜಿ, ನಾಯಕಿ ಹೋಗಿ ಮೈಕು, ತೀರ್ಪುಗಾರರು ಬಂದರು. 2019ರಲ್ಲಿ ಚಾನೆಲ್ ಆರಿಸಿ ಆರಿಸಿ ಹಣ ಕಟ್ಟುವ ಪದ್ಧತಿ ಬಂದಾಗ ನಮ್ಮ ಮನೆಯಲ್ಲೂ ಮೊದಲು ಬಿಟ್ಟದ್ದು ಹಾಡಿನ ಚಾನೆಲ್ಲನ್ನೇ. ಬಿಡಿಸಿದವನು ನಾನು. ಈಗ ಹೊಸ ಹಾಡೆಂದರೆ ಚಿತ್ರ ಬರುವ ಮೊದಲೇ ಮೊಬೈಲಿಗೆ ಇಳಿಯುವ ಲಿರಿಕಲ್ ವಿಡಿಯೋ, ನಾಲ್ಕು ನಿಂತ ಫೋಟೋಗಳ ಮೇಲೆ ಓಡುವ ಅಕ್ಷರಗಳು. ಅದರಲ್ಲಿ ಯಾರ ಕೆನ್ನೆಯ ಮೇಲೂ ಬಿಸಿಲು ಬೀಳುವುದಿಲ್ಲ. ಬ್ರಿಟನ್ನಿನಲ್ಲಿ ಎಂ.ಟಿ.ವಿ.ಯ ಸಂಗೀತ ಚಾನೆಲ್ಲುಗಳು 2025ರ ಡಿಸೆಂಬರ್ 31ಕ್ಕೆ ಮುಚ್ಚಿದವು ಎಂಬ ಸುದ್ದಿ ಓದಿದಾಗ, ಎಂದೂ ಕಾಣದ ಆ ಚಾನೆಲ್ಲುಗಳಿಗಾಗಿ ನನಗೆ ನಿಜವಾಗಿ ಬೇಸರವಾಯಿತು. ಅಲ್ಲಿಯೂ ಎಷ್ಟು ಚಿಕ್ಕಪ್ಪಂದಿರು ಹಲಗೆ ಹಿಡಿದಿದ್ದರೋ.

ಆ ಸುದ್ದಿಯ ದಿನವೇ ಹಳೆಯ ಹಾಡನ್ನು ಹುಡುಕಿದೆ. ಸಿಕ್ಕಿತು. ಯಾರೋ ವಿ.ಸಿ.ಡಿ.ಯಿಂದ ಎತ್ತಿ ಹಾಕಿದ ಪ್ರತಿ. ಅಗಲದ ಪರದೆಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿದ್ದಾರೆ, ಕಾರಂಜಿಯ ತುದಿಯೇ ಇಲ್ಲ. ಚಿಕ್ಕಪ್ಪನಿಗೆ ಈಗ ಎಂಬತ್ತೊಂದು. ಪೊರೆಯ ಆಪರೇಷನ್ ಆದ ಮೇಲೆ ಕಣ್ಣು ಚುರುಕಾಗಿದೆ. ಫೋನನ್ನು ಅವರ ಕೈಗೆ ಕೊಟ್ಟೆ. ಎರಡನೆಯ ಚರಣ ಬಂತು, ಅವಳು ತಿರುಗಿದಳು, ಕೆನ್ನೆ ಚೌಕಚೌಕವಾಗಿ ಒಡೆದು ಹೋಯಿತು. ಹಿಂದಕ್ಕೆ ಎಳೆದು ಮತ್ತೆ ತೋರಿಸಿದೆ. ನಿಲ್ಲಿಸಿ ತೋರಿಸಿದೆ. ಎಷ್ಟು ನಿಲ್ಲಿಸಿದರೂ ಅಲ್ಲಿ ನಡುಕವಿಲ್ಲ, ಬೂದು ಬಣ್ಣದ ಚೌಕಗಳಷ್ಟೇ.

‘ಇದು ನನ್ನ ಬೆಳಕಲ್ಲಪ್ಪ’ ಎಂದು ಫೋನು ಹಿಂದಕ್ಕೆ ಕೊಟ್ಟರು.

ಅದಕ್ಕೇ ಇದನ್ನು ಬರೆದೆ. ನಿಮ್ಮಲ್ಲಿ ಯಾರಾದರೂ ಆ ಕಾಲದಲ್ಲಿ ವಿ.ಸಿ.ಆರ್. ಇಟ್ಟುಕೊಂಡು ‘ಚಿತ್ರಮಂಜರಿ’ಯನ್ನು ಟೇಪಿಗೆ ಇಳಿಸಿಕೊಂಡಿದ್ದಿರಬಹುದು. ಆ ಕ್ಯಾಸೆಟ್ಟು ಈಗ ಅಟ್ಟದ ಮೇಲೆ, ಹಿತ್ತಾಳೆ ಪಾತ್ರೆಗಳ ಹಿಂದೆ ಇರಬಹುದು. ಟೇಪಿಗೆ ಬೂಷ್ಟು ಬೇಗ ಹತ್ತುತ್ತದೆ, ಪ್ರತಿ ಮಳೆಗಾಲಕ್ಕೂ ಒಂದಷ್ಟು ಹೋಗುತ್ತದೆ. ದಯವಿಟ್ಟು ರದ್ದಿಯವನಿಗೆ ಹಾಕಬೇಡಿ. ತೆಗೆದು ಒರೆಸಿ, ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಡಿಜಿಟಲ್ಲಿಗೆ ಇಳಿಸಿಕೊಡುವವರು ಇನ್ನೂ ಇದ್ದಾರೆ, ಈ ಮಳೆಗಾಲಕ್ಕೆ ಮೊದಲು ಕೊಟ್ಟುಬಿಡಿ.