ಗಡದ ಮೇಲಿಂದ ಗೆರೆ ಕಾಣಲಿಲ್ಲ

ಮಕ್ಕಳೇ, ನೀವು ಮಾಳಿಗೆ ಹತ್ತಿ ನಿಮ್ಮ ಊರನ್ನು ನೋಡಿದ್ದೀರಾ? ಬೀದಿಯಲ್ಲಿ ನಿಂತರೆ ಎದುರು ಮನೆಯ ಗೋಡೆ ಮಾತ್ರ ಕಾಣುತ್ತದೆ. ಮಾಳಿಗೆ ಹತ್ತಿದರೆ ಶಾಲೆ, ಕೆರೆ, ಅದರಾಚೆಯ ಹೊಲ ಎಲ್ಲವೂ ಕಾಣುತ್ತವೆ. ಊರು ಅದೇ, ಕಣ್ಣೂ ಅದೇ. ಬದಲಾದದ್ದು ನೀವು ನಿಂತ ಎತ್ತರ ಮಾತ್ರ.

ನಾನು ಏಳನೆಯ ತರಗತಿಯಲ್ಲಿದ್ದಾಗ ಇಂಥ ಒಂದು ಎತ್ತರವನ್ನು ಹತ್ತಿದ್ದೆ. ಖಾನಾಪುರದಿಂದ ರೈಲಿನಲ್ಲಿ ಹೊರಟು ದೇಸೂರಿನಲ್ಲಿ ಇಳಿದೆವು. ಅಲ್ಲಿಂದ ಬುತ್ತಿ ಹೊತ್ತುಕೊಂಡು ಯಳ್ಳೂರಿನ ರಾಜಹಂಸಗಡಕ್ಕೆ ನಡೆದೆವು. ಅದು ಬೆಳಗಾವಿ ನಗರದ ದಕ್ಷಿಣಕ್ಕೆ ಗುಡ್ಡದ ನೆತ್ತಿಯ ಮೇಲಿರುವ ಹಳೆಯ ಕೋಟೆ.

ಎಲ್ಲರೂ ಹಾಡುತ್ತ ಹತ್ತುತ್ತಿದ್ದರು. ನಾನು ಮಾತ್ರ ಸುಮ್ಮನಿದ್ದೆ. ನನ್ನ ಬೆಂಚಿನ ಗೆಳೆಯನೊಡನೆ ಎಂಟು ದಿನಗಳಿಂದ ಮಾತು ನಿಂತಿತ್ತು. ಅವನ ಮನೆಯಲ್ಲಿ ಮರಾಠಿ, ನಮ್ಮ ಮನೆಯಲ್ಲಿ ಕನ್ನಡ. ಆರು ವರ್ಷ ಅದು ನಮ್ಮ ಲೆಕ್ಕಕ್ಕೇ ಬಂದಿರಲಿಲ್ಲ. ಒಂದು ದಿನ ಪೇಟೆಯಲ್ಲಿ ದೊಡ್ಡವರು ಜಗಳವಾಡುವುದನ್ನು ಕೇಳಿಕೊಂಡು ಬಂದೆ. ಅದೇ ಮಾತನ್ನು ಅವನಿಗೆ ಹೇಳಿಬಿಟ್ಟೆ: "ಇದು ನಮ್ಮ ಊರು, ನಿಮ್ಮದಲ್ಲ." ಅವನು ತಿರುಗಿ ಬೈಯಲಿಲ್ಲ. ಪಾಟಿಚೀಲ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದ.

ಗಡದ ಮೇಲೆ ಸಿದ್ಧೇಶ್ವರ ಗುಡಿಯಿದೆ. ಅದರ ಹತ್ತಿರ ಕುಳಿತು ನೀರು ಕುಡಿದ ಮೇಲೆ ಗುರುಗಳು ಕೇಳಿದರು: "ಕೋಟೆ ಕಟ್ಟಿದವರು ಇಷ್ಟು ಮೇಲಕ್ಕೆ ಕಲ್ಲು ಯಾಕೆ ಹೊತ್ತರು?" ಒಬ್ಬ ಹುಡುಗಿ ಹೇಳಿದಳು, "ವೈರಿ ದೂರದಲ್ಲಿರುವಾಗಲೇ ಕಾಣಲಿ ಅಂತ." ಉತ್ತರ ಸರಿಯಾಗಿತ್ತು. ಆದರೆ ಎತ್ತರದಿಂದ ದೂರ ಕಾಣುವುದೇಕೆ ಗೊತ್ತೆ?

ನಮ್ಮ ಭೂಮಿ ಚೆಂಡಿನಂತೆ ದುಂಡಗಿದೆ. ಹೀಗಾಗಿ ನಮ್ಮಿಂದ ದೂರ ಹೋದಂತೆ ನೆಲ ಕೆಳಕ್ಕೆ ಬಾಗುತ್ತ ಹೋಗುತ್ತದೆ. ಒಂದು ದೂರದ ನಂತರ ಅದು ಕಣ್ಣಿಗೆ ಮರೆಯಾಗುತ್ತದೆ. ಆ ಅಂಚೇ ದಿಗಂತ. ಮೇಲೆ ಹತ್ತಿದಷ್ಟೂ ದಿಗಂತ ಹಿಂದಕ್ಕೆ ಸರಿಯುತ್ತದೆ. ಇದಕ್ಕೆ ಒಂದು ಸುಲಭ ಲೆಕ್ಕವಿದೆ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಳ್ಳಿ. ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ. ಬಂದ ಉತ್ತರವೇ ದಿಗಂತದ ದೂರ, ಕಿಲೋಮೀಟರಿನಲ್ಲಿ. ಕಣ್ಣು ನೆಲದಿಂದ 1 ಮೀಟರ್ ಮೇಲಿದ್ದರೆ ಸುಮಾರು ಮೂರೂವರೆ ಕಿ.ಮೀ. 4 ಮೀಟರ್ ಮೇಲಿದ್ದರೆ ಸುಮಾರು 7 ಕಿ.ಮೀ. ಬಯಲಿನಿಂದ 100 ಮೀಟರ್ ಎತ್ತರದ ಗುಡ್ಡ ಹತ್ತಿದರೆ? 10×10 ಅಂದರೆ 100. ಆದ್ದರಿಂದ 100ರ ವರ್ಗಮೂಲ 10. ದೂರ ಸುಮಾರು 36 ಕಿ.ಮೀ! ಎತ್ತರ ನೂರು ಪಟ್ಟು ಹೆಚ್ಚಿದರೆ ದೂರ ಹತ್ತು ಪಟ್ಟು ಹೆಚ್ಚುತ್ತದೆ. ಮಂಜು, ಧೂಳು ಅಡ್ಡ ಬಂದರೆ ಮಾತ್ರ ಅಷ್ಟು ಕಾಣುವುದಿಲ್ಲ.

ನಾವು ಗೋಡೆಯ ಬಳಿ ನಿಂತೆವು. ಕೆಳಗೆ ಭತ್ತದ ಗದ್ದೆಗಳು. ಉತ್ತರಕ್ಕೆ ಬೆಳಗಾವಿಯ ಮನೆಗಳು ಚುಕ್ಕೆಗಳಂತೆ ಕಂಡವು. ಗುರುಗಳು ಕೈ ತೋರಿಸುತ್ತ ಹೇಳಿದರು: "ಅಲ್ಲಿ ಟಿಳಕವಾಡಿ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದರು. ಅವರು ಅಧ್ಯಕ್ಷರಾದ ಅಧಿವೇಶನ ಅದೊಂದೇ. ಅದರಾಚೆ ಬೆಳಗಾವಿಯ ಕೋಟೆ. ಅದಕ್ಕಾಗಿ ಎಷ್ಟೋ ಕಾಳಗಗಳಾದವು. ಈಗ ಅದರೊಳಗೆ ಬಸದಿ, ಗುಡಿ, ಮಸೀದಿ, ಆಶ್ರಮ ಎಲ್ಲವೂ ಇವೆ."

ದಕ್ಷಿಣಕ್ಕೆ ತಿರುಗಿದರೆ ನಮ್ಮ ಖಾನಾಪುರದ ಕಾಡುಬೆಟ್ಟಗಳು. ಎರಡು ನದಿಗಳು ಹುಟ್ಟುವುದು ಆ ತಾಲ್ಲೂಕಿನಲ್ಲೇ. ಕಣಕುಂಬಿಯ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಮಹದಾಯಿ ಪಶ್ಚಿಮಕ್ಕೆ ಇಳಿದು ಗೋವಾದಲ್ಲಿ ಮಾಂಡೋವಿ ಎನಿಸಿಕೊಂಡು ಅರಬ್ಬಿ ಸಮುದ್ರ ಸೇರುತ್ತಾಳೆ. ಒಂದೇ ಮಳೆ, ಆದರೆ ಹನಿ ಯಾವ ಇಳಿಜಾರಿನಲ್ಲಿ ಬೀಳುತ್ತದೋ ಆ ಕಡೆಯ ಸಮುದ್ರಕ್ಕೆ ಹೋಗುತ್ತದೆ.

ಆಮೇಲೆ ಗುರುಗಳು ಕೇಳಿದರು: "ಈಗ ರಾಜ್ಯದ ಗಡಿ ಎಲ್ಲಿದೆ, ತೋರಿಸಿ ನೋಡೋಣ." ನಕ್ಷೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಗೆರೆ ಅದು. ಎಷ್ಟು ಹುಡುಕಿದರೂ ಕಾಣಲಿಲ್ಲ. ಗದ್ದೆಯ ಪಕ್ಕ ಗದ್ದೆ, ಗುಡ್ಡದ ಹಿಂದೆ ಗುಡ್ಡ, ಅಷ್ಟೇ. ಆಗ ನನ್ನ ಗೆಳೆಯ ಪಶ್ಚಿಮಕ್ಕೆ ಬೆರಳು ಮಾಡಿ ಮೆಲ್ಲಗೆ ಅಂದ: "ಆ ಕಡೆ ಚಂದಗಡ. ನಮ್ಮ ಅಜ್ಜಿಯ ಊರು. ಮಳೆ ಮೊದಲು ಅಲ್ಲಿ ಬಂದು ಆಮೇಲೆ ಇಲ್ಲಿ ಬರುತ್ತದೆ."

ಚಂದಗಡ ತಾಲ್ಲೂಕು ಒಂದು ಕಾಲಕ್ಕೆ ಬೆಳಗಾವಿ ಜಿಲ್ಲೆಯಲ್ಲೇ ಇತ್ತು ಎಂದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂತು. ಚಂದಗಡ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಗಡಿಯ ಪ್ರಶ್ನೆ 2004ರಲ್ಲಿ ಸುಪ್ರೀಂ ಕೋರ್ಟಿಗೂ ಹೋಯಿತು. ರಸ್ತೆ ಯಾರು ಮಾಡಿಸಬೇಕು, ಶಾಲೆ ಯಾರು ನಡೆಸಬೇಕು ಎಂದು ತಿಳಿಯಲು ಗಡಿ ಬೇಕೇ ಬೇಕು. ಅದರ ವಾದ ನಡೆಯಬೇಕಾದದ್ದು ಕೋರ್ಟಿನಲ್ಲಿ, ದಾಖಲೆಗಳನ್ನು ಮುಂದಿಟ್ಟುಕೊಂಡು. ನಾನು ಅದನ್ನು ನಮ್ಮ ಬೆಂಚಿನ ಮೇಲೆ ಎಳೆದಿದ್ದೆ.

"ತಪ್ಪಾಯಿತು" ಅನ್ನಬೇಕು ಎಂದು ಅಲ್ಲೇ ಅನಿಸಿತ್ತು. ಎಲ್ಲರೂ ಇದ್ದಾರೆ, ನಾಳೆ ಹೇಳೋಣ ಎಂದುಕೊಂಡೆ. ಮರುದಿನವೂ ಆಗಲಿಲ್ಲ. ಬೇಸಿಗೆ ರಜೆ ಮುಗಿಸಿ ಶಾಲೆಗೆ ಹೋದಾಗ ಅವನು ಇರಲಿಲ್ಲ. ಅವನ ತಂದೆಗೆ ದೂರದ ಊರಿಗೆ ವರ್ಗವಾಗಿತ್ತು. ಆ ಮಾತು ಇನ್ನೂ ನನ್ನಲ್ಲೇ ಉಳಿದಿದೆ.

ಜಪಾನಿನ ಹಿರೋಶಿಮಾ ನಗರದಲ್ಲಿ ಒರಿಜುರು ಎಂಬ ಗೋಪುರವಿದೆ. ಅದು 2016ರಲ್ಲಿ ತೆರೆಯಿತು. ಒರಿಜುರು ಎಂದರೆ ಮಡಿಸಿದ ಕಾಗದದ ಕೊಕ್ಕರೆ. 1945ರ ಆಗಸ್ಟ್ 6ರಂದು ಆ ನಗರದ ಮೇಲೆ ಅಣುಬಾಂಬು ಬಿತ್ತು. ಗೋಪುರದ ಮೇಲಿಂದ ನೋಡಿದರೆ, ಅಂದು ಹಾಳಾಗಿ ಅಸ್ಥಿಪಂಜರದಂತೆ ಉಳಿದ ಗುಮ್ಮಟವೂ ಕಾಣುತ್ತದೆ, ಮತ್ತೆ ಎದ್ದು ನಿಂತ ನಗರವೂ ಕಾಣುತ್ತದೆ. ನೋಡಿದವರು ಕಾಗದದ ಕೊಕ್ಕರೆ ಮಡಿಸಿ ಅಲ್ಲಿ ಬಿಟ್ಟು ಬರುತ್ತಾರೆ. ಹಿಂದಿನವರು ವೈರಿಯನ್ನು ನೋಡಲು ಎತ್ತರ ಹತ್ತಿದರು. ಇವರು ಶಾಂತಿಯನ್ನು ನೆನೆಯಲು ಹತ್ತುತ್ತಾರೆ.

ನಿಮ್ಮ ಊರಿನಲ್ಲೂ ಒಂದು ಗುಡ್ಡವೋ ಮಾಳಿಗೆಯೋ ಇದ್ದೇ ಇರುತ್ತದೆ. ದೊಡ್ಡವರನ್ನು ಜೊತೆಗೆ ಕರೆದುಕೊಂಡು ಹತ್ತಿ. ಎತ್ತರ ಅಂದಾಜು ಮಾಡಿ ದಿಗಂತದ ಲೆಕ್ಕ ಹಾಕಿ. ಯಾರೊಡನಾದರೂ ಮಾತು ಬಿಟ್ಟಿದ್ದರೆ ಅವರನ್ನೂ ಕರೆಯಿರಿ. ಇಳಿಯುವ ಮೊದಲೇ ಮಾತಾಡಿಬಿಡಿ. ನನ್ನಂತೆ ನಾಳೆಗೆ ಇಡಬೇಡಿ.