ಬೆಳ್ಳಕ್ಕಿ, ಕೊಡೆಕ್ ಮತ್ತು ಚಿಕ್ಕಪ್ಪನ ದನಿ

ಮೊನ್ನೆ ಸೊರಬದಿಂದ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ಲು. "ಅಣ್ಣಾ, ಅಪ್ಪ ಗದ್ದೆ ಹೂಡೋ ವಿಡಿಯೋ ಮಾಡಿದ್ಯಲ್ಲ, ಕಳ್ಸು. ವರ್ಷದ ತಿಥಿಗೆ ಎಲ್ರೂ ಬರ್ತಾರೆ, ಅಪ್ಪನ ದನಿ ಕೇಳ್ಬೇಕು ಅನ್ಸತ್ತೆ." "ಇದೆ ಕಣೇ, ಕಳಿಸ್ತೀನಿ" ಅಂದುಬಿಟ್ಟೆ.

ಅದು 2011ರ ಮಳೆಗಾಲದ್ದು. ಸ್ಟಾಕ್ ಫೂಟೇಜ್ ಮಾರಿ ನಾಲ್ಕು ಕಾಸು ಮಾಡೋ ಹುಚ್ಚು ಹತ್ತಿದ್ದ ಕಾಲ. ಶಿಕಾರಿಪುರದ ನಮ್ಮನೆಯಿಂದ ಬಳ್ಳಿಗಾವಿ ಹತ್ತಿರವೇ. ಆದ್ರೆ ಅಲ್ಲಿನ ಕೇದಾರೇಶ್ವರ ದೇವಸ್ಥಾನ ಪುರಾತತ್ವ ಇಲಾಖೆಯದ್ದು, ಮಾರೋಕೆ ಅಂತ ಚಿತ್ರೀಕರಿಸಲು ಅನುಮತಿ ಬೇಕು. ಗುಡವಿ ಪಕ್ಷಿಧಾಮವೂ ಸರ್ಕಾರದ್ದೇ. ಕೊನೆಗೆ ಉಳಿದದ್ದು ಚಿಕ್ಕಪ್ಪನ ಗದ್ದೆ! ಮುಂದೆ ಎತ್ತು, ಹಿಂದೆ ಚಿಕ್ಕಪ್ಪ, ಅವರ ಹಿಂದೆ ಸಾಲಾಗಿ ಬೆಳ್ಳಕ್ಕಿಗಳು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ "ನನ್ನ ಬೆನ್ನಿಗೂ ದುಡ್ಡು ಕೊಡ್ತಾರೇನೋ ತಮ್ಮಾ?" ಅಂತ ನಕ್ಕಿದ್ರು.

ರಾತ್ರಿ ಕ್ಯಾಮೆರಾದ ಪುಸ್ತಕ ತೆರೆದರೆ ಕೊನೇ ಪುಟದಲ್ಲೊಂದು ಬಾಂಬು. ಇದರ ಎಚ್.264 ಕೊಡೆಕ್‌ನ ಪರವಾನಗಿ ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕಲ್ಲ ಅಂತ! ಕೊಡೆಕ್ ಅಂದ್ರೆ ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡಿ, ನೋಡುವಾಗ ಮತ್ತೆ ಬಿಚ್ಚುವ ವಿಧಾನ. ಕ್ಯಾಮೆರಾ ನಂದು, ಗದ್ದೆ ಚಿಕ್ಕಪ್ಪಂದು, ಬೆಳ್ಳಕ್ಕಿ ಯಾರದ್ದೂ ಅಲ್ಲ, ಹಿಂಡುವ ವಿದ್ಯೆ ಮಾತ್ರ ಇನ್ಯಾರದ್ದೋ!

ವಾರಗಟ್ಟಲೆ ಹುಡುಕಿದೆ. ಎಚ್.264ರ ಪೇಟೆಂಟ್‌ಗಳ ಪರವಾಗಿ ಲೈಸೆನ್ಸ್ ಕೊಡುತ್ತಿದ್ದದ್ದು ಎಂಪೆಗ್ ಎಲ್ಎ ಎಂಬ ಕಂಪನಿ (2023ರಿಂದ ಅದು ವಯಾ ಎಲ್ಎ). ಅವರ ಷರತ್ತಿನಲ್ಲಿ, ನೋಡುಗರಿಗೆ ಬಿಡಿಯಾಗಿ ಮಾರುವ ವಿಡಿಯೋ 12 ನಿಮಿಷ ಮೀರದಿದ್ರೆ ರಾಯಲ್ಟಿಯೇ ಇಲ್ಲ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ತೋರಿಸುವ ವಿಡಿಯೋಗೆ ಎಂದೂ ರಾಯಲ್ಟಿ ಕೇಳಲ್ಲ ಅಂತ 2010ರಲ್ಲೇ ಹೇಳಿದ್ರು. ನನ್ನದು 20 ಸೆಕೆಂಡಿನ ತುಣುಕು. ಸುಮ್ಮನೆ ನಿದ್ದೆಗೆಟ್ಟಿದ್ದೆ..

ಮುಂದಿನ ಪ್ರಶ್ನೆ, ಯಾವ ಕೊಡೆಕ್‌ನಲ್ಲಿ ಕೊಡೋದು? ಎಚ್.264 ಒಂದು ಇಡೀ ಚಿತ್ರ ಬರೆದುಕೊಂಡು, ಆಮೇಲೆ ಬಹುಪಾಲು ಬದಲಾದ ಭಾಗವನ್ನಷ್ಟೇ ಬರೆಯುತ್ತೆ. ಜಾಗ ಉಳಿಯುತ್ತೆ, ಎಡಿಟ್ ಮಾಡುವವರಿಗೆ ತಲೆನೋವು. ಅದಕ್ಕೇ ಸ್ಟಾಕ್‌ನವರು ಪ್ರತಿ ಚಿತ್ರವನ್ನೂ ಪೂರ್ತಿ ಇಡುವ ಫೋಟೋ-ಜೆಪೆಗ್ ಅಥವಾ ಪ್ರೋರೆಸ್ ಕೇಳ್ತಿದ್ರು. ಕ್ಯಾಮೆರಾದಲ್ಲಿ ನಿಮಿಷಕ್ಕೆ ಸುಮಾರು 130 ಎಂಬಿ ಇದ್ದದ್ದು ಪ್ರೋರೆಸ್ 422ರಲ್ಲಿ 900 ಎಂಬಿ! ಹಾಗಂತ ಗುಣಮಟ್ಟವೇನೂ ಏರಲ್ಲ. ಆಲೆಮನೆಯಲ್ಲಿ ಹಿಂಡಿದ ಸಿಪ್ಪೆಯನ್ನ ಎಷ್ಟು ದೊಡ್ಡ ಹಂಡೆಗೆ ಹಾಕಿದ್ರೂ ಮತ್ತೆ ಕಬ್ಬಿನ ಹಾಲು ಬರಲ್ವಲ್ಲ.

ದೊಡ್ಡ ಫೈಲೇ ಒಳ್ಳೇ ಫೈಲು ಅಂತ ನಂಬಿದ್ದೇ ನನ್ನ ದಡ್ಡತನ. 20 ಸೆಕೆಂಡು ಕತ್ತರಿಸಿ, ಮಾತಿರೋ ಆಡಿಯೋ ಕೊಳ್ಳುವವರಿಗೆ ಬೇಡ ಅಂತ ಅದನ್ನೂ ತೆಗೆದೆ. ಡಿಸ್ಕಿನಲ್ಲಿ ಜಾಗ ಸಾಲಲಿಲ್ಲ. ಕ್ಯಾಮೆರಾದ ಮೂಲ ಫೈಲನ್ನೇ ಅಳಿಸಿದೆ.

ಫೋನಿಟ್ಟ ಮೇಲೆ ಇರೋಬರೋ ಡಿಸ್ಕೆಲ್ಲ ಜಾಲಾಡಿದೆ. ಸಿಕ್ಕಿದ್ದು ಅದೇ 20 ಸೆಕೆಂಡು. ಚಿಕ್ಕಪ್ಪ ಎತ್ತಿಗೆ "ಹೋಯ್" ಅಂದದ್ದು, "ಏ ತಮ್ಮಾ, ಅದನ್ನ ಬದಿಗಿಟ್ಟು ಗದ್ದೆಗಿಳಿಯೋ ಮಾರಾಯ" ಅಂತ ನನ್ನ ಬೈದದ್ದು, ಯಾವುದೂ ಇಲ್ಲ. ಆ ತುಣುಕು ನಾಲ್ಕೈದು ಸಲ ಮಾರಾಟವಾಯ್ತು. ಬಂದ ದುಡ್ಡು ಏನಾಯ್ತೋ ನೆನಪಿಲ್ಲ.

ಈಗ ಏವಿ1 ಇದೆ. 2018ರಲ್ಲಿ ಬಂದದ್ದು, ರಾಯಲ್ಟಿ ಬೇಡ ಅಂತಲೇ ಮಾಡಿದ್ದು. ನೀವು ಯಾವುದರಲ್ಲಾದ್ರೂ ಕೊಡಿ, ಮಾರಿ. ಕ್ಯಾಮೆರಾದಿಂದ ಬಂದ ಫೈಲನ್ನ ಮಾತ್ರ, ದನಿ ಸಮೇತ, ಹಾಗೇ ಎರಡು ಕಡೆ ಇಟ್ಕೊಳ್ಳಿ.

ನಿನ್ನೆ ಧೈರ್ಯ ಮಾಡಿ ತಂಗಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ "ಇರ್ಲಿ ಬಿಡಣ್ಣ, ಬೆನ್ನಾದ್ರೂ ಕಳ್ಸು" ಅಂದ್ಲು.